‘ಸಂಗಮ’ದ ಇಪ್ಪತ್ತೈದು ವರ್ಷ: ದುರ್ಗದ ಸೀಮೆಯಿಂದ ಒಂದು ಕೃತಜ್ಞತೆ

1999ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಸಂಗಮ’ ಸಂಸ್ಥೆಗೆ ಇಪ್ಪತ್ತೈದು ವರ್ಷ ತುಂಬಿದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದ ಬೇರೆ ಬೇರೆ ವರ್ಷಗಳಲ್ಲಿ ಆ ಮನೆಯ ಬಾಗಿಲು ತಟ್ಟಿದ ನಮ್ಮೆಲ್ಲರ ಪರವಾಗಿ ನಾಲ್ಕು ಮಾತು ಬರೆಯುವ ಹೊಣೆಯನ್ನು ಗೆಳೆಯರು ನನಗೆ ಒಪ್ಪಿಸಿದ್ದಾರೆ. ನಾಲ್ಕು ತಾಲ್ಲೂಕಿನ ನಾವು ಎಷ್ಟೋ ಕಾಲ ಒಬ್ಬರಿಗೊಬ್ಬರು ಅಪರಿಚಿತರು. ಒಂದೇ ಸಂತೆಯಲ್ಲಿ ಓಡಾಡಿದವರು, ಒಂದೇ ಜಾತ್ರೆಯ ತೇರು ಎಳೆದವರು ಬೆಂಗಳೂರಿನ ಒಂದು ಕೋಣೆಯಲ್ಲಿ ಮೊದಲ ಬಾರಿಗೆ ಪರಸ್ಪರ ಮುಖ ನೋಡಿಕೊಂಡೆವು. ಆ ಕೋಣೆಯನ್ನು ಕಟ್ಟಿದವರನ್ನು ಈ ಸಂದರ್ಭದಲ್ಲಿ ಗೌರವದಿಂದ ನೆನೆಯುತ್ತೇವೆ.

ಅದಕ್ಕೂ ಮೊದಲು ನಮ್ಮ ಸೀಮೆಯಲ್ಲಿ ನಮ್ಮಂಥವರು ಇರಲಿಲ್ಲವೆಂದಲ್ಲ. ಹುಲಿಗೆಮ್ಮನಿಗೆ, ಸವದತ್ತಿ ಎಲ್ಲಮ್ಮನಿಗೆ ಮುತ್ತು ಕಟ್ಟಿಸಿಕೊಂಡು ಸೀರೆ ಉಟ್ಟ ಜೋಗಪ್ಪಗಳು ಚೌಡಿಕೆ ಹಿಡಿದು ಮನೆಯ ಮುಂದೆ ಬಂದು ನಿಂತರೆ ಅಜ್ಜಿಯರು ಮೊರದ ತುಂಬ ಜೋಳ ತಂದು ಹಾಕುತ್ತಿದ್ದರು, ಕಾಲು ಮುಟ್ಟುತ್ತಿದ್ದರು. ದೇವಿಯ ಹೆಸರಿನಲ್ಲಿ ಅವರಿಗೊಂದು ಜಾಗ ಇತ್ತು, ಒಂದು ಹೆಸರೂ ಇತ್ತು. ಆದರೆ ಗಂಡಸಾಗಿಯೇ ಉಳಿದು ಇನ್ನೊಬ್ಬ ಗಂಡಸನ್ನು ಪ್ರೀತಿಸುವವನಿಗೆ, ಹೆಣ್ಣಾಗಿ ಹೆಣ್ಣಿನಲ್ಲಿ ಮನಸ್ಸಿಟ್ಟವಳಿಗೆ ಬೈಗುಳದ ಹೊರತು ಬೇರೆ ಪದ ಸಿಗುತ್ತಿರಲಿಲ್ಲ. ಹೆಸರಿಲ್ಲದ ನೋವನ್ನು ಯಾರಿಗೆ ಹೇಳಿಕೊಳ್ಳುವುದು? ಇಪ್ಪತ್ತೈದು ದಾಟುತ್ತಲೇ ಹೆಣ್ಣು ನೋಡುವ ಶಾಸ್ತ್ರ. ಬೇಡ ಎಂದವನಿಗೆ ಮನೆಯವರು ಕಾರಣ ಕೇಳುತ್ತಿದ್ದರು. ಕಾರಣ ಹೇಳಲು ಬೇಕಾದ ಪದವೇ ನಮ್ಮ ಬಳಿ ಇರಲಿಲ್ಲ.

ಆ ಪದ ಹುಟ್ಟಿದ್ದು ಬಹು ದೂರದಲ್ಲಿ. 1867ರ ಆಗಸ್ಟಿನಲ್ಲಿ ಕಾರ್ಲ್ ಹೈನ್ರಿಖ್ ಉಲ್ರಿಕ್ಸ್ ಎಂಬ ವಕೀಲರು ಮ್ಯೂನಿಕ್ ನಗರದಲ್ಲಿ ನ್ಯಾಯವಾದಿಗಳ ಸಮ್ಮೇಳನದ ವೇದಿಕೆ ಏರಿ, ಗಂಡಸರ ಪರಸ್ಪರ ಪ್ರೀತಿಯನ್ನು ಅಪರಾಧ ಎನ್ನುವ ಕಾನೂನು ಅನ್ಯಾಯವೆಂದು ವಾದಿಸಿದರು. ಸಭೆ ಗದ್ದಲವೆಬ್ಬಿಸಿ ಅವರನ್ನು ಕೆಳಗಿಳಿಸಿತು. ಎರಡು ವರ್ಷಗಳ ಬಳಿಕ, 1869ರಲ್ಲಿ, ಕೆರ್ಟ್‌ಬೆನಿ ಎಂಬ ಲೇಖಕರು ಜರ್ಮನ್ ಕರಪತ್ರವೊಂದರಲ್ಲಿ ‘ಹೋಮೋಸೆಕ್ಷುಯಲ್’ ಎಂಬ ಪದವನ್ನು ಮೊದಲ ಬಾರಿಗೆ ಅಚ್ಚು ಹಾಕಿಸಿದರು. ಕೃತ್ಯಕ್ಕಿದ್ದ ಹೆಸರು ಅಲ್ಲಿಂದ ಮುಂದೆ ಮನುಷ್ಯನಿಗೆ ಅನ್ವಯವಾಗತೊಡಗಿತು. ‘ನಾನು ಇಂಥವನು’ ಎಂದು ಒಬ್ಬನು ಹೇಳಿಕೊಳ್ಳುವುದು ಸಾಧ್ಯವಾಯಿತು. ವೈದ್ಯ ಮಾಗ್ನಸ್ ಹಿರ್ಷ್‌ಫೆಲ್ಡ್ 1897ರಲ್ಲಿ ಬರ್ಲಿನ್ನಿನಲ್ಲಿ ಜಗತ್ತಿನ ಮೊದಲ ಸಲಿಂಗಿ ಹಕ್ಕುಗಳ ಸಂಘಟನೆಯನ್ನು ಕಟ್ಟಿದರು. ಗಂಡಸರ ಪ್ರೀತಿಯನ್ನು ಅಪರಾಧವೆನ್ನುವ ಜರ್ಮನಿಯ 175ನೇ ಕಲಮನ್ನು ತೆಗೆದುಹಾಕಬೇಕೆಂದು ಸಹಿ ಸಂಗ್ರಹಿಸಿ ಸಂಸತ್ತಿಗೆ ಮನವಿ ಕೊಟ್ಟರು. 1919ರ ಜುಲೈನಲ್ಲಿ ಅವರ ಸಂಶೋಧನಾ ಸಂಸ್ಥೆ ಬಾಗಿಲು ತೆರೆಯಿತು. ಅಲ್ಲಿ ಆಸ್ಪತ್ರೆ ಇತ್ತು, ಗ್ರಂಥಾಲಯವಿತ್ತು, ಮನೆಯಿಂದ ಹೊರದೂಡಲ್ಪಟ್ಟವರಿಗೆ ಆಸರೆಯೂ ಇತ್ತು. ಬರ್ಲಿನ್ ನಗರ ನಮ್ಮಂಥವರ ತವರೆನಿಸಿತು.

ಹಿರ್ಷ್‌ಫೆಲ್ಡ್ 1931ರಲ್ಲಿ ವಿಶ್ವಪ್ರವಾಸದ ನಡುವೆ ಭಾರತಕ್ಕೂ ಬಂದಿದ್ದರು. ಆ ಪ್ರವಾಸ ಹೊರಟವರು ತಮ್ಮ ನಗರಕ್ಕೆ ಮರಳಲೇ ಇಲ್ಲ. 1933ರ ಮೇ ತಿಂಗಳಲ್ಲಿ ನಾಜಿ ವಿದ್ಯಾರ್ಥಿಗಳು ಸಂಸ್ಥೆಗೆ ನುಗ್ಗಿ ಲೂಟಿ ಮಾಡಿ, ನಾಲ್ಕೇ ದಿನದಲ್ಲಿ ಅಲ್ಲಿನ ಪುಸ್ತಕಗಳನ್ನು ನಡುಬೀದಿಯಲ್ಲಿ ಸುಟ್ಟರು. 1933 ಎಂದರೆ ಹಿರಿಯೂರಿನವರಿಗೆ ಬೇರೆಯೇ ನೆನಪು. ಮಾರಿಕಣಿವೆ ಜಲಾಶಯ ಮೊದಲ ಬಾರಿಗೆ ತುಂಬಿ ಕೋಡಿ ಬಿದ್ದ ವರ್ಷವದು. ನಮ್ಮ ಹಿರಿಯರು ವೇದಾವತಿಗೆ ಬಾಗಿನ ಬಿಡುತ್ತಿದ್ದ ವರ್ಷವೇ, ನಮ್ಮಂಥವರ ಬದುಕಿನ ದಾಖಲೆಗಳು ಇನ್ನೊಂದು ಕಡೆ ಬೂದಿಯಾದವು. ದಾಖಲೆ ಉಳಿಸುವುದು ಜೀವ ಉಳಿಸುವಷ್ಟೇ ದೊಡ್ಡ ಕೆಲಸವೆಂದು ನಮ್ಮ ಸಂಸ್ಥಾಪಕರು ಮುಂದೆ ಏಕೆ ನಂಬಿದರು ಎಂಬುದಕ್ಕೆ ಈ ಕಥೆಯನ್ನು ಇಷ್ಟು ಹೇಳಬೇಕಾಯಿತು.

ಜರ್ಮನಿಯ 175ನೇ ಕಲಮು ಪೂರ್ತಿಯಾಗಿ ರದ್ದಾದದ್ದು 1994ರಲ್ಲಿ. ಅದೇ 1994ರಲ್ಲಿ ಬೆಂಗಳೂರಿನಲ್ಲಿ ‘ಗುಡ್ ಆ್ಯಸ್ ಯೂ’ ಎಂಬ ಬಳಗ ಆರಂಭವಾಯಿತು. ನಮ್ಮ ದೇಶದಲ್ಲಿ ಆಗ ಸಲಿಂಗ ಸಂಬಂಧವನ್ನು ಅಪರಾಧವೆನ್ನುವ 377ನೇ ಕಲಮು ಗಟ್ಟಿಯಾಗಿಯೇ ಇತ್ತು. ಗುರುವಾರದ ಸಂಜೆ ಒಂದಷ್ಟು ಜನ ಸೇರಿ ಮಾತಾಡುವುದು, ಅಷ್ಟೇ ಅದರ ಕಾರ್ಯಕ್ರಮ. ಕಾನೂನು ಕಳ್ಳರೆಂದು ನೋಡುವ ಕಾಲದಲ್ಲಿ ಅಷ್ಟು ಮಾಡುವುದಕ್ಕೂ ಎಂಥ ಧೈರ್ಯ ಬೇಕಿತ್ತು! 1997ರಲ್ಲಿ ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯ ವಿದ್ಯಾರ್ಥಿಗಳು ಸಲಿಂಗಿಗಳ ಹಕ್ಕುಗಳ ಬಗ್ಗೆ ವಿಚಾರಸಂಕಿರಣ ನಡೆಸಿದರು. ವಿನಯ್ ಚಂದ್ರನ್ ಅವರ ‘ಸ್ವಭಾವ’ ಟ್ರಸ್ಟ್ ಮತ್ತು ‘ಸಹಾಯ’ ದೂರವಾಣಿ ಸೇವೆ ಇದೇ ನೆಲದಲ್ಲಿ ಬೆಳೆದವು. ಈ ಹಿರಿಯ ಬಳಗಗಳಿಗೆ ನಾವು ಋಣಿಗಳು. ಆದರೆ ಅಲ್ಲಿನ ಮಾತು ಹೆಚ್ಚಾಗಿ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಚಿಕ್ಕಜಾಜೂರಿನಲ್ಲಿ ರೈಲು ಹತ್ತಿ ಬಂದವನಿಗೆ ಆ ಮೆಟ್ಟಿಲು ಎತ್ತರವೇ.

ಮನೋಹರ್ ಎಲವರ್ತಿಯವರು 1999ರಲ್ಲಿ ‘ಸಂಗಮ’ವನ್ನು ಆರಂಭಿಸಿದ್ದು ಒಂದು ದಾಖಲೆ ಕೇಂದ್ರವಾಗಿ. ಪತ್ರಿಕೆಯ ತುಣುಕು, ಪುಸ್ತಕ, ವರದಿ, ಕರಪತ್ರ, ಲೈಂಗಿಕತೆಗೆ ಸಂಬಂಧಿಸಿದ್ದು ಏನು ಸಿಕ್ಕರೂ ಕೂಡಿಡುವುದು, ಬಂದವರ ಮುಂದೆ ಇಡುವುದು ಮೊದಲ ಉದ್ದೇಶ. ಓದಲು ಬರುತ್ತಿದ್ದವರ ಜೊತೆಗೆ ಓದು ಬಾರದವರೂ ಬರತೊಡಗಿದರು. ಕಬ್ಬನ್ ಪಾರ್ಕಿನಲ್ಲಿ ಪೊಲೀಸರ ಲಾಠಿ ತಿಂದ ‘ಕೋತಿ’ಗಳು ಎಂದರೆ ಹೆಣ್ಣುಭಾವದ ಗಂಡಸರು, ತಾವು ನಡೆಸುವ ಸ್ನಾನದ ಮನೆಯಾದ ಹಮಾಮಿನಿಂದ ಬಂದ ಹಿಜ್ರಾಗಳು, ಲೈಂಗಿಕ ಕಾರ್ಮಿಕರು, ಊರು ಬಿಟ್ಟು ಓಡಿಬಂದ ಹುಡುಗಿಯರ ಜೋಡಿಗಳು. ಅವರಿಗೆ ಬೇಕಿದ್ದದ್ದು ಪುಸ್ತಕವಲ್ಲ, ಇವತ್ತು ರಾತ್ರಿ ಠಾಣೆಯಿಂದ ಬಿಡಿಸುವ ವಕೀಲರು. ಸಂಸ್ಥಾಪಕರ ದೊಡ್ಡತನ ಇರುವುದು ಇಲ್ಲಿಯೇ ಎಂದು ನಾನು ತಿಳಿದಿದ್ದೇನೆ. ತಾವು ಹಾಕಿಕೊಂಡ ಯೋಜನೆಗೆ ಜನ ಹೊಂದಿಕೊಳ್ಳಲಿ ಎಂದು ಅವರು ಕಾಯಲಿಲ್ಲ. ಬಂದ ಜನರಿಗೆ ತಕ್ಕಂತೆ ಸಂಸ್ಥೆಯನ್ನೇ ತಿರುಗಿಸಿದರು. ಕನ್ನಡ, ತಮಿಳು, ತೆಲುಗು, ಉರ್ದು ಮಾತಾಡುವವರು, ಕೂಲಿ ಮಾಡುವವರು, ಶಾಲೆ ಅರ್ಧಕ್ಕೆ ಬಿಟ್ಟವರು ಸಂಸ್ಥೆಯ ಅಂಗಳದಲ್ಲಿ ನಿಂತದ್ದಷ್ಟೇ ಅಲ್ಲ, ಅದರ ಕುರ್ಚಿಗಳಲ್ಲೂ ಕೂತರು.

ಎ. ರೇವತಿಯವರ ಬದುಕು ಇದಕ್ಕೆ ಸಾಕ್ಷಿ. ತಮಿಳುನಾಡಿನ ನಾಮಕ್ಕಲ್ ಸೀಮೆಯ ಹಳ್ಳಿಯಿಂದ ಬಂದು ಬೆಂಗಳೂರಿನ ಹಮಾಮಿನಲ್ಲಿದ್ದ ಅವರು ‘ಸಂಗಮ’ಕ್ಕೆ ಕಚೇರಿ ಸಹಾಯಕಿಯಾಗಿ ಸೇರಿದರು. ಅದೇ ಸಂಸ್ಥೆಯ ನಿರ್ದೇಶಕಿಯೂ ಆದರು. ಅವರ ಆತ್ಮಕಥೆ 2010ರಲ್ಲಿ ಇಂಗ್ಲಿಷಿನಲ್ಲಿ ಬಂತು. ಮುಂದೆ ದು. ಸರಸ್ವತಿಯವರು ಅದನ್ನು ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದರು. ಹೆಗ್ಗೋಡಿನ ‘ಜನಮನದಾಟ’ ತಂಡ ಎಂ. ಗಣೇಶ್ ಅವರ ನಿರ್ದೇಶನದಲ್ಲಿ ಅದನ್ನು ರಂಗಕ್ಕೇರಿಸಿ ಊರೂರು ತಿರುಗಿತು. ಸಾಣೇಹಳ್ಳಿಯ ನಾಟಕೋತ್ಸವ ನೋಡಿ ಬೆಳೆದ ನಮ್ಮ ಹೊಸದುರ್ಗದ ಗೆಳೆಯರಿಗೆ ನಾಟಕವೆಂದರೆ ಏನೆಂದು ಹೇಳಿಕೊಡಬೇಕಿಲ್ಲ. ತಮ್ಮದೇ ಬದುಕನ್ನು ದೀಪದ ಬೆಳಕಿನಲ್ಲಿ ಕಂಡು ಅವರು ಅತ್ತದ್ದನ್ನು ನಾನು ಬಲ್ಲೆ.

ಇಲ್ಲಿ ನನ್ನದೊಂದು ನೆನಪನ್ನು ಸೇರಿಸಲು ಓದುಗರು ಅನುಮತಿಸಬೇಕು. 2002ರ ಬೇಸಿಗೆ. ನಮ್ಮದು ಹೊಳಲ್ಕೆರೆ ತಾಲ್ಲೂಕಿನ ಅಡಿಕೆ ತೋಟದ ಮನೆ. ಪತ್ರಿಕೆಯ ಒಳಪುಟದಲ್ಲಿ ಬಂದ ಬೆರಳಗಲದ ಸುದ್ದಿಯೊಂದನ್ನು ಕತ್ತರಿಸಿ ನಾಲ್ಕು ತಿಂಗಳು ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಮಡಿಕೆಯ ಜಾಗದಲ್ಲಿ ಅಕ್ಷರ ಅಳಿಸಿಹೋಗಿತ್ತು. ಸಂಬಂಧಿಕರ ಮದುವೆ ಎಂದು ಮನೆಯಲ್ಲಿ ಸುಳ್ಳು ಹೇಳಿ ಚಿಕ್ಕಜಾಜೂರಿನಲ್ಲಿ ರೈಲು ಹತ್ತಿದೆ. ವಿಳಾಸ ಹುಡುಕಿ, ಆ ಬೀದಿಯಲ್ಲಿ ಮೂರು ಸಲ ಅತ್ತಿಂದಿತ್ತ ನಡೆದೆ. ಮೂರು ಸಲವೂ ಬಾಗಿಲು ದಾಟಿ ಮುಂದೆ ಹೋದೆ. ಕೊನೆಗೆ ಒಳಗಿನಿಂದ ಸೀರೆ ಉಟ್ಟ ಒಬ್ಬ ಅಕ್ಕ ಹೊರಗೆ ಬಂದು, ಯಾರು ನೀನು, ಏಕೆ ಬಂದೆ ಎಂದು ಏನೂ ಕೇಳದೆ, “ಬಾಪ್ಪಾ, ಊಟ ಆಯ್ತಾ?” ಎಂದರು. ನನ್ನ ಊರಿನವರು ಅಪರಿಚಿತರನ್ನು ಕೇಳುವ ಮೊದಲ ಮಾತೂ ಅದೇ. ಅನ್ನ, ಸಾರು, ಹಪ್ಪಳ. ಊಟ ಮುಗಿಯುವವರೆಗೂ ನಾನು ಒಂದು ಮಾತೂ ಆಡಲಿಲ್ಲ. ಕೈ ತೊಳೆದು ಬಂದ ಮೇಲೆ ಸಂಜೆಯವರೆಗೆ ಮಾತಾಡಿದೆ. ಎದುರಿಗೆ ಕೂತಿದ್ದವರಲ್ಲಿ ಒಬ್ಬನ ಮಾತಿನ ಧಾಟಿ ಕೇಳಿ ಯಾವೂರು ಎಂದರೆ, ಹಿರಿಯೂರು ಎಂದ!

ಆ ದಿನಗಳು ಸಂಸ್ಥೆಗೆ ಸುಲಭದವಾಗಿರಲಿಲ್ಲ. ಮಾನವ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ಕರ್ನಾಟಕ ಘಟಕ 2001ರಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ದೌರ್ಜನ್ಯದ ಬಗ್ಗೆ, 2003ರಲ್ಲಿ ಬೆಂಗಳೂರಿನ ಕೋತಿ ಮತ್ತು ಹಿಜ್ರಾ ಲೈಂಗಿಕ ಕಾರ್ಮಿಕರ ಪಾಡಿನ ಬಗ್ಗೆ ವರದಿ ಹೊರತಂದಿತು. ಬೀದಿಯ ಸಂಕಟ ಮೊದಲ ಬಾರಿಗೆ ಅಚ್ಚಿನ ಪುಟಕ್ಕೆ ಬಂತು. 2000ದಲ್ಲಿ ಸ್ಥಾಪನೆಯಾದ ಆಲ್ಟರ್ನೇಟಿವ್ ಲಾ ಫೋರಂನ ಅರವಿಂದ್ ನಾರಾಯಣ್ ಮತ್ತು ಸಂಗಡಿಗರು ಕಾನೂನಿನ ಬೆನ್ನೆಲುಬಾದರು. 2004ರಲ್ಲಿ ಬೆಂಗಳೂರಿನ ಒಬ್ಬ ಹಿಜ್ರಾ ಮೇಲೆ ಗೂಂಡಾಗಳು ಸಾಮೂಹಿಕ ಅತ್ಯಾಚಾರ ಎಸಗಿದರು. ರಕ್ಷಿಸಬೇಕಾದ ಠಾಣೆಯಲ್ಲಿ ಅವರನ್ನು ಬೆತ್ತಲೆಗೊಳಿಸಿ ಕಿಟಕಿಗೆ ಬೇಡಿ ಹಾಕಿ ಹಿಂಸಿಸಲಾಯಿತು. ಅದನ್ನು ನುಂಗಿಕೊಂಡು ಸುಮ್ಮನಿರುವ ಕಾಲ ಅಷ್ಟರಲ್ಲಿ ಮುಗಿದಿತ್ತು. ಜನ ಬೀದಿಗಿಳಿದರು. ಆ ಘಟನೆ 377ರ ವಿರುದ್ಧದ ಮೊಕದ್ದಮೆಯ ಪ್ರಮಾಣಪತ್ರದಲ್ಲಿ ಸೇರಿ ದೆಹಲಿ ಹೈಕೋರ್ಟಿನವರೆಗೆ ಹೋಯಿತು. ವಯಸ್ಕರ ಸಮ್ಮತಿಯ ಸಂಬಂಧವನ್ನು ಆ ಕಲಮಿನಿಂದ ಹೊರಗಿಟ್ಟ 2009ರ ಜುಲೈ 2ರ ತೀರ್ಪಿನಲ್ಲಿ ಬೆಂಗಳೂರಿನ ಆ ಜೀವದ ನೋವು ದಾಖಲಾಗಿದೆ.

ಅದೇ 2004ರಲ್ಲಿ ಫಮೀಲಾ ನಮ್ಮನ್ನು ಅಗಲಿದರು. ಇನ್ನೂ ಎಳೆಯ ವಯಸ್ಸು. ಹಿಜ್ರಾ ಸಮುದಾಯ, ಮಹಿಳಾ ಚಳವಳಿ, ಲೈಂಗಿಕ ಕಾರ್ಮಿಕರ ಹೋರಾಟ, ಈ ಮೂರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿದ ಮಾತುಗಾತಿ ಅವರು. ತಮ್ಮ ಮನೆಯನ್ನೇ ಎಷ್ಟೋ ಜನರಿಗೆ ಆಸರೆಯಾಗಿ ಬಿಟ್ಟುಕೊಟ್ಟವರು. ಅವರ ಚಿತ್ರ ಎಲ್ಲಿ ಕಂಡರೂ ಓದುಗರು ಒಂದು ಗಳಿಗೆ ನಿಲ್ಲಬೇಕೆಂದು ಕೋರುತ್ತೇನೆ.

2008ರ ಜೂನ್ 29ರ ಭಾನುವಾರ ಬೆಂಗಳೂರಿನಲ್ಲಿ ಮೊದಲ ಸ್ವಾಭಿಮಾನ ನಡಿಗೆ ನಡೆಯಿತು. ಬಸವನಗುಡಿಯ ನ್ಯಾಷನಲ್ ಕಾಲೇಜಿನಿಂದ ಪುಟ್ಟಣ್ಣ ಚೆಟ್ಟಿ ಪುರಭವನದವರೆಗೆ. ಅದೇ ದಿನ ದೆಹಲಿಯಲ್ಲೂ ಕೋಲ್ಕತ್ತದಲ್ಲೂ ಜನ ನಡೆದರು. ನಮ್ಮ ಸೀಮೆಯಿಂದ ಹೋದವರು ಮುಖವಾಡ ತೊಟ್ಟಿದ್ದೆವು, ಫೋಟೊ ಊರಿಗೆ ತಲುಪೀತೆಂಬ ಭಯಕ್ಕೆ. ತಮಟೆಯ ಸದ್ದು ಏರಿದಾಗ ಒಬ್ಬ ಗೆಳೆಯ ಮುಖವಾಡ ಹಣೆಯ ಮೇಲೆ ಸರಿಸಿದ. ಮುಂದಿನ ವರ್ಷಗಳಲ್ಲಿ ಅವನು ಅದನ್ನು ತರುವುದನ್ನೇ ಬಿಟ್ಟ. ಆ ನಡಿಗೆಯೇ ಇಂದು ‘ನಮ್ಮ ಪ್ರೈಡ್’ ಎಂಬ ಹೆಸರಿನಲ್ಲಿ, ಕ್ವಿಯರ್ ಹಬ್ಬದೊಂದಿಗೆ ಬೆಳೆದಿದೆ. ಆದರೂ ನಡಿಗೆಯ ಬೆನ್ನಿಗೇ, 2008ರ ಅಕ್ಟೋಬರಿನಲ್ಲಿ, ಐವರು ಹಿಜ್ರಾಗಳ ಬಂಧನವಾಯಿತು. ಅವರನ್ನು ಬಿಡಿಸಿಕೊಳ್ಳಲು ಹೋದ ‘ಸಂಗಮ’ದ ಕಾರ್ಯಕರ್ತರೂ ಏಟು ತಿಂದು ಲಾಕಪ್ಪಿನಲ್ಲಿ ಕೂರಬೇಕಾಯಿತು. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಮು ಸೇರಿತು. ನಪುಂಸಕರೆಂಬ ಹಣೆಪಟ್ಟಿ ಹಚ್ಚಿ ಹಿಜ್ರಾಗಳ ಹೆಸರು, ವಿಳಾಸಗಳನ್ನು ಠಾಣೆಯ ಪಟ್ಟಿಯಲ್ಲಿ ಬರೆಸುವ ಕಲಮು. ಹೈದರಾಬಾದ್ ನಿಜಾಮರ 1919ರ ಕಾನೂನಿನ ಛಾಯೆ ಅದರ ಮೇಲಿತ್ತು. ಬರ್ಲಿನ್ನಿನಲ್ಲಿ ಹಿರ್ಷ್‌ಫೆಲ್ಡರ ಸಂಸ್ಥೆ ಬಾಗಿಲು ತೆರೆದ ಅದೇ 1919! ಕರ್ನಾಟಕ ಲೈಂಗಿಕ ಅಲ್ಪಸಂಖ್ಯಾತರ ವೇದಿಕೆ ಹೈಕೋರ್ಟಿನಲ್ಲಿ ಅದನ್ನು ಪ್ರಶ್ನಿಸಿತು. 2016ರ ತಿದ್ದುಪಡಿಯಲ್ಲಿ ನಪುಂಸಕ ಎಂಬ ಪದ ಹೋಯಿತು.

ಪದಗಳ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಏಕೆಂದರೆ ‘ಸಂಗಮ’ ಕನ್ನಡಕ್ಕೆ ಮಾಡಿದ ಸೇವೆಯನ್ನು ಯಾರೂ ಸಾಕಷ್ಟು ಗುರುತಿಸಿಲ್ಲ. ಪತ್ರಿಕೆಗಳು ‘ಸಲಿಂಗಕಾಮಿ’ ಎಂದು ಬರೆಯುತ್ತಿದ್ದವು. ಗಂಡು ಹೆಣ್ಣಿನ ಪ್ರೀತಿಗೆ ಪ್ರೇಮವೆಂಬ ಮಾತು, ನಮ್ಮದಕ್ಕೆ ಕಾಮವೆಂಬ ಮಾತು. ಇದು ಏಕೆ ಸರಿಯಲ್ಲವೆಂದು ನಮ್ಮವರು ಪತ್ರಕರ್ತರ ಎದುರು ಕೂತು ತಾಳ್ಮೆಯಿಂದ ಹೇಳಿದರು. ‘ಸಲಿಂಗಪ್ರೇಮಿ’ ಬಳಕೆಗೆ ಬಂತು. ‘ಲೈಂಗಿಕ ಅಲ್ಪಸಂಖ್ಯಾತರು’ ಎಂಬ ಮಾತು ನಮ್ಮನ್ನು ಒಟ್ಟುಗೂಡಿಸಿತು. ‘ಲಿಂಗತ್ವ ಅಲ್ಪಸಂಖ್ಯಾತರು’ ಎಂಬುದು ಸರ್ಕಾರದ ಆದೇಶಗಳಿಗೂ ಇಳಿಯಿತು. ಈ ಪದಗಳು ಆ ಜರ್ಮನ್ ಪದದ ತರ್ಜುಮೆಯಷ್ಟೇ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಲ್ಲಿನ ಪದ ಒಬ್ಬ ವ್ಯಕ್ತಿಯ ಸ್ವಭಾವವನ್ನು ಹೆಸರಿಸಿತು. ನಮ್ಮ ಪದ ಜೋಗಪ್ಪ, ಕೋತಿ, ಹಿಜ್ರಾ, ನನ್ನಂಥ ತೋಟದ ಮನೆಯ ಹುಡುಗ, ಎಲ್ಲರನ್ನೂ ಒಂದು ಬಳಗವಾಗಿ ಕರೆಯಿತು. ಹಿಜ್ರಾ ಸಮುದಾಯದ ಗುರು, ಚೇಲಾ, ಜಮಾತಿನ ಹಳೆಯ ಸಂಬಂಧಗಳನ್ನು ಬಿಡದೆಯೇ ಕರೆಯಿತು. ಇದು ಇಲ್ಲಿಯ ಮಣ್ಣಿನದೇ ಗಳಿಕೆ.

ಆ ಮಣ್ಣಿನಲ್ಲಿ ಸಾಹಿತ್ಯವೂ ಬೆಳೆಯಿತು. 2013ರಲ್ಲಿ ವಸುಧೇಂದ್ರರ ‘ಮೋಹನಸ್ವಾಮಿ’ ಬಂದಾಗ ಸಲಿಂಗಪ್ರೇಮಿಯೊಬ್ಬನ ಬದುಕನ್ನು ಕನ್ನಡದ ಓದುಗರು ನೇರವಾಗಿ ಎದುರುಗೊಂಡರು. ಅವರ ಊರಾದ ಸಂಡೂರು ನಮಗೆ ದೂರದ ಊರಲ್ಲ. ಆ ಮಾತು, ಆ ಮನೆ, ಆ ತಾಯಂದಿರು ನಮ್ಮವರೇ ಅನಿಸಿತು. ಬಿ. ಎಸ್. ಲಿಂಗದೇವರು ಅವರ ‘ನಾನು ಅವನಲ್ಲ ಅವಳು’ ಚಿತ್ರಕ್ಕಾಗಿ ರಾಷ್ಟ್ರಪ್ರಶಸ್ತಿ ಪಡೆದ ಸಂಚಾರಿ ವಿಜಯ್ ನಮ್ಮ ಹೊಸದುರ್ಗದ ಪಕ್ಕದ ಕಡೂರು ತಾಲ್ಲೂಕಿನವರು. ಅವರನ್ನೂ 2021ರಲ್ಲಿ ಕಳೆದುಕೊಂಡೆವು. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಸ್ವೀಕರಿಸುವ ಮೊದಲು ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದರು. ಟಿವಿಯಲ್ಲಿ ಅದನ್ನು ನೋಡುತ್ತಿದ್ದ ನನ್ನ ತಾಯಿ, ಮನೆಯ ಮುಂದೆ ಬರುತ್ತಿದ್ದ ಜೋಗಮ್ಮನನ್ನು ನೆನೆದು ಕೈಮುಗಿದರು.

ನ್ಯಾಯಾಲಯದ ದಾರಿ ಉದ್ದವಾಗಿತ್ತು. 2009ರಲ್ಲಿ ಸಿಕ್ಕಿದ್ದನ್ನು 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಕಿತ್ತುಕೊಂಡಿತು. ನಾಲ್ಕು ತಿಂಗಳ ಬಳಿಕ, 2014ರ ಏಪ್ರಿಲ್ 15ರಂದು, ಅದೇ ಕೋರ್ಟು ಲಿಂಗತ್ವವನ್ನು ತಾನೇ ಗುರುತಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಆಧಾರ್ ವಿಷಯವಾಗಿ ಹೂಡಿದ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂಬ ತೀರ್ಪು ಬಂತು. ನಮ್ಮ ಹಾದಿಯ ದೊಡ್ಡ ಬಂಡೆ ಉರುಳಿದ್ದು ಆಗ. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ, ವಯಸ್ಕರು ಒಪ್ಪಿ ಕೂಡುವುದನ್ನು 377ರ ಹಿಡಿತದಿಂದ ಬಿಡಿಸಿತು. ಅರ್ಜಿದಾರರಲ್ಲಿ ಬೆಂಗಳೂರಿನ ಅಕ್ಕಯ್ ಪದ್ಮಶಾಲಿಯವರೂ ಇದ್ದರು. ‘ಸಂಗಮ’ದಲ್ಲಿ ದುಡಿದವರು, ರಾಜ್ಯೋತ್ಸವ ಪ್ರಶಸ್ತಿ ಪಡೆದವರು, ‘ಒಂದೆಡೆ’ ಸಂಸ್ಥೆಯನ್ನು ಕಟ್ಟಿದವರು. ಒಂದು ಮನೆಯ ಮಕ್ಕಳು ಬೇರೆ ಮನೆ ಹೂಡಿದರೆ ವಂಶ ಬೆಳೆಯಿತೆಂದೇ ನಾವು ಹೇಳುತ್ತೇವೆ.

ಸರ್ಕಾರದ ಬಾಗಿಲಲ್ಲೂ ಕಾಯಬೇಕಾಯಿತು. ಸಿ. ಎಸ್. ದ್ವಾರಕಾನಾಥ್ ಅವರ ಅಧ್ಯಕ್ಷತೆಯ ಹಿಂದುಳಿದ ವರ್ಗಗಳ ಆಯೋಗ 2010ರಲ್ಲೇ ನಮ್ಮ ಸಮುದಾಯವನ್ನು ಮೀಸಲಾತಿಗೆ ಸೇರಿಸಲು ಶಿಫಾರಸು ಮಾಡಿತ್ತು. 2013ರಲ್ಲಿ ‘ಮೈತ್ರಿ’ ಮಾಸಾಶನ, 2017ರಲ್ಲಿ ರಾಜ್ಯ ನೀತಿ ಬಂದವು. ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ ಅರ್ಜಿಯಲ್ಲಿ ಗಂಡು, ಹೆಣ್ಣು ಎಂಬ ಎರಡೇ ಅಂಕಣಗಳಿದ್ದುದನ್ನು ಕಂಡು ‘ಸಂಗಮ’ 2020ರಲ್ಲಿ ಹೈಕೋರ್ಟಿಗೆ ಹೋಯಿತು. ‘ಜೀವ’ ಸಂಸ್ಥೆ ಜೊತೆಗೂಡಿತು. 2021ರ ಜುಲೈನಲ್ಲಿ ಸರ್ಕಾರ 1977ರ ನೇಮಕಾತಿ ನಿಯಮಗಳಿಗೆ ತಿದ್ದುಪಡಿ ತಂದು ಎಲ್ಲ ವರ್ಗಗಳಲ್ಲೂ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರ ಸಮತಲ ಮೀಸಲಾತಿ ನೀಡಿತು. ದೇಶದಲ್ಲೇ ಮೊದಲು. ಮರುವರ್ಷದ ಸೆಪ್ಟೆಂಬರಿನಲ್ಲಿ ಮಾರಿಕಣಿವೆ ಎಂಬತ್ತೊಂಬತ್ತು ವರ್ಷಗಳ ಬಳಿಕ ಮತ್ತೆ ಕೋಡಿ ಬಿತ್ತು. ನವೆಂಬರಿನಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳ ತಾತ್ಕಾಲಿಕ ಆಯ್ಕೆ ಪಟ್ಟಿ ಹೊರಬಂತು. ಅದರಲ್ಲಿ ನಮ್ಮ ಸಮುದಾಯದ ಮೂವರ ಹೆಸರಿತ್ತು. ಯಾರ ಮನೆಯ ಮುಂದೆ ಮಕ್ಕಳು ಕಲ್ಲೆಸೆದು ಓಡುತ್ತಿದ್ದರೋ ಅವರು ಮಕ್ಕಳಿಗೆ ಪಾಠ ಹೇಳುವ ಪಟ್ಟಿ!

ಮದುವೆಯ ಹಕ್ಕು ಇನ್ನೂ ದಕ್ಕಿಲ್ಲ. ಅದನ್ನು ನಿರಾಕರಿಸಿದ ಸುಪ್ರೀಂ ಕೋರ್ಟಿನ 2023ರ ಅಕ್ಟೋಬರ್ 17ರ ತೀರ್ಪಿನ ದಿನ ನಮ್ಮಲ್ಲಿ ಕೆಲವರು ಹೊಸ ಬಟ್ಟೆ ತೊಟ್ಟು ಟಿವಿ ಮುಂದೆ ಕೂತಿದ್ದೆವು. ನಮ್ಮ ಸೀಮೆಯ ಕೊರತೆಯೂ ಹಾಗೇ ಇದೆ: ಹೊಳಲ್ಕೆರೆಯಲ್ಲಾಗಲಿ ಹೊಸದುರ್ಗದಲ್ಲಾಗಲಿ ಗುರುವಾರದ ಸಂಜೆ ಧೈರ್ಯವಾಗಿ ಸೇರಲು ನಮಗೊಂದು ಸ್ವಂತ ಕೋಣೆ ಇಲ್ಲ. ಜಿಲ್ಲಾ ಕೇಂದ್ರದಲ್ಲಿ ಏಡ್ಸ್ ತಡೆ ಕಾರ್ಯಕ್ರಮದ ನೆಪದಲ್ಲಿ ಸೇರುವುದೇ ಹೆಚ್ಚು. ಕಾಯಿಲೆಯ ಹೆಸರಿಲ್ಲದೆ ನಾವು ಕೂಡುವ ಒಂದು ಜಾಗ ದುರ್ಗದಲ್ಲಿ ಆಗಬೇಕೆಂಬುದು ನಾಲ್ಕೂ ತಾಲ್ಲೂಕಿನ ಗೆಳೆಯರ ಆಸೆ. ಅದಕ್ಕಾಗಿ ತಿಂಗಳಿಗಿಷ್ಟು ಎಂದು ಕೂಡಿಡುತ್ತಿದ್ದೇವೆ.

ಕಳೆದ ತಿಂಗಳು ಹೊಸದುರ್ಗದ ಕಡೆಯ ಒಬ್ಬ ತಾಯಿ ಫೋನ್ ಮಾಡಿದ್ದರು. ನಂಬರು ಯಾರು ಕೊಟ್ಟರೋ ಗೊತ್ತಿಲ್ಲ. “ಅಣ್ಣಾ, ನಮ್ ಹುಡುಗ ಎಲ್ಲಾ ಹೇಳ್ದ. ಬೆಂಗ್ಳೂರಿಗೆ ಹೋಗಿ ಅವ್ರನ್ನ ನೋಡ್ಬೇಕು ಅಂತಾನೆ. ಕಳಿಸ್ಲಾ?” ಎಂದರು. ಕಳಿಸಿ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಲ್ಲಿ ಊಟಕ್ಕೆ ಏನ್ ಮಾಡ್ತಾನೆ?” ಎಂದು ಕೇಳಿದರು.

“ಬುತ್ತಿ ಕಟ್ಟಬೇಡಿ ಅಕ್ಕಾ, ಅವರೇ ಕೇಳ್ತಾರೆ” ಎಂದು ಹೇಳಿ, ಹೊಸದುರ್ಗ ರೋಡ್ ಸ್ಟೇಷನ್ನಿನಿಂದ ಬೆಳಗಿನ ರೈಲಿನ ಹೊತ್ತು ಬರೆಸಿದೆ.